ಆ ಚಿತ್ರದಲ್ಲಿ ಆಳುಗಳೇ ಇಲ್ಲ

ಚಿತ್ರಸಂತೆಗೆ ಹೋದವರಿಗೆಲ್ಲ ಆ ಚಿತ್ರ ಗೊತ್ತಿರುತ್ತೆ. ಜನವರಿಯ ಆ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಹತ್ತು ಹೆಜ್ಜೆಗೊಂದರಂತೆ ಸಿಗುತ್ತೆ. ಎಡಗಡೆ ಹಂಚಿನ ಮನೆ, ಬಲಗಡೆ ಆಲದ ಮರ, ನಡುವೆ ಕೆಮ್ಮಣ್ಣಿನ ದಾರಿ, ದಾರಿಯಲ್ಲೊಂದು ಎತ್ತಿನ ಗಾಡಿ. ಹಿಂದೆ ನೀಲಿ ಬೆಟ್ಟ. ಸೊಂಟದ ಮೇಲೆ ಹಿತ್ತಾಳೆ ಬಿಂದಿಗೆ ಇಟ್ಟುಕೊಂಡು ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ ನಡೆಯುತ್ತಿರುತ್ತಾಳೆ. ಅವಳಿಗೆ ಮುಖ ಇರಲ್ಲ.

ಸಂಜೆಯ ಹೊತ್ತಿಗೆ ಅವಳು ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ ವೈಟ್‌ಫೀಲ್ಡಿಗೋ ಸರ್ಜಾಪುರಕ್ಕೋ ಹೊರಡುತ್ತಾಳೆ. ಅಲ್ಲಿಂದ ಮುಂದೆ ಸೋಫಾದ ಮೇಲ್ಗಡೆ, ದಂತವೈದ್ಯರ ಕ್ಲಿನಿಕ್ಕಿನಲ್ಲಿ, ಆಫೀಸಿನ ರಿಸೆಪ್ಷನ್ನಿನಲ್ಲಿ ಅವಳ ವಾಸ. ನಮ್ಮ ಆಫೀಸಿನ ಮೀಟಿಂಗ್ ರೂಮಿನಲ್ಲೂ ಒಬ್ಬಳಿದ್ದಾಳೆ. ವರ್ಷಕ್ಕೊಮ್ಮೆ ಅಪ್ರೈಸಲ್ ಮಾತುಕತೆ ನಡೆಯೋದು ಅವಳ ಬೆನ್ನ ಕೆಳಗೇ.

"ನೋಡಿದ್ರೆ ಒಂಥರಾ ಶಾಂತಿ ಸಿಗುತ್ತೆ ಅಲ್ವಾ?" ಅಂತಾರೆ. ನನಗೆ ಸಿಟ್ಟು ಬರುತ್ತೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಸಮಾಧಾನದಿಂದ ಕೇಳಿ.

ನಾನು ಶಿಡ್ಲಘಟ್ಟ ತಾಲ್ಲೂಕಿನವನು. ಬೆಂಗಳೂರಿನವರ ವೀಕೆಂಡ್ ಭೂಪಟದಲ್ಲಿ ನಮ್ಮ ಜಿಲ್ಲೆ ಅಂದರೆ ನಂದಿ ಬೆಟ್ಟ, ಸ್ಕಂದಗಿರಿ, ದ್ರಾಕ್ಷಿ ತೋಟ, ಮಂಜು, ಸೂರ್ಯೋದಯ. ನನ್ನ ಅವ್ವ (ನಮ್ಮ ಕಡೆ ಅಜ್ಜಿಗೆ ಅವ್ವ ಅಂತೀವಿ, ಮನೆಮಾತು ಅರ್ಧ ತೆಲುಗು) ಎಂಬತ್ತು ವರ್ಷ ಅದೇ ಬೆಟ್ಟಗಳ ನಡುವೆ ಬದುಕಿದರು. ಸೂರ್ಯೋದಯ ಚೆನ್ನಾಗಿದೆ ಅಂದಿದ್ದನ್ನ ನಾನು ಕೇಳಿಲ್ಲ. ಸೂರ್ಯ ಹುಟ್ಟೋ ಹೊತ್ತಿಗೆ ಅವರು ಇನ್ನೊಬ್ಬರ ತೋಟದಲ್ಲಿ ಸೊಂಟ ಬಗ್ಗಿಸಿ ಹಿಪ್ಪುನೇರಳೆ ಸೊಪ್ಪು ಕೊಯ್ತಿರುತ್ತಿದ್ದರು. ನೆಲ ನೋಡೋರಿಗೆ ಆಕಾಶ ಹೇಗೆ ಕಾಣಬೇಕು?

ಮೊದಲು ಬಿಂದಿಗೆಯ ವಿಷಯ ಮುಗಿಸಿಬಿಡೋಣ. ನಮ್ಮೂರಲ್ಲಿ ಹಿತ್ತಾಳೆ ಬಿಂದಿಗೆ ಮದುವೆಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣಲ್ಲ. ಇರೋದು ಪ್ಲಾಸ್ಟಿಕ್ ಬಿಂದಿಗೆ. ಬೋರ್‌ವೆಲ್ಲು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಅಷ್ಟು ಆಳದಿಂದ ಬರುವ ನೀರಿನಲ್ಲಿ ಫ್ಲೋರೈಡು. ಮಕ್ಕಳ ಹಲ್ಲು ಹಳದಿ, ಮುದುಕರ ಮೂಳೆ ನೋವು. ಹಾಗಾಗಿ ಕುಡಿಯೋಕೆ ಬೇರೆ ನೀರು: ಶುದ್ಧ ನೀರಿನ ಘಟಕಕ್ಕೆ ಕಾಯಿನ್ ಹಾಕಿ, 20 ಲೀಟರ್ ಕ್ಯಾನು ತುಂಬಿಸಿ, ಟಿವಿಎಸ್ ಎಕ್ಸೆಲ್ ಮೇಲೆ ಮುಂದೆ ಇಟ್ಟುಕೊಂಡು ಬರಬೇಕು. ಇದನ್ನ ಯಾರೂ ಚಿತ್ರ ಬರೆಯಲ್ಲ. ಎಕ್ಸೆಲ್ಲು ಸೋಫಾಗೆ ಮ್ಯಾಚ್ ಆಗಲ್ಲ ಅನ್ಸುತ್ತೆ.

ಹೋಗ್ಲಿ, ಹಳೇ ಕಾಲದ್ದನ್ನ ಬರೆದರೆ ತಪ್ಪಲ್ಲ. ನನ್ನ ತಕರಾರು ಕಾಲದ ಬಗ್ಗೆ ಅಲ್ಲ, ಹಸಿರಿನ ಬಗ್ಗೆ. ಆ ಚಿತ್ರದಲ್ಲಿ ಮನೆಯ ಹಿಂದೆ ಗದ್ದೆ ಇರುತ್ತೆ ನೋಡಿ, ಒಂದು ಕಳೆ ಇಲ್ಲದೆ, ಒಂದೇ ಎತ್ತರಕ್ಕೆ. ಗದ್ದೆ ತಾನಾಗಿ ಹಾಗಿರಲ್ಲ ಸ್ವಾಮಿ. ಅಷ್ಟು ನೀಟಾದ ಹಸಿರು ಕಾಣಬೇಕಾದರೆ ಹತ್ತು ಹನ್ನೆರಡು ಹೆಂಗಸರು ದಿನಗಟ್ಟಲೆ ಕೆಸರಲ್ಲಿ ನಿಂತು ನಾಟಿ ಮಾಡಿರಬೇಕು, ಕಳೆ ಕಿತ್ತಿರಬೇಕು. ಅವರನ್ನೆಲ್ಲ ಎತ್ತಿ ಹೊರಗಿಟ್ಟು, ಅವರು ಮಾಡಿದ ಕೆಲಸವನ್ನಷ್ಟೇ ಉಳಿಸಿಕೊಂಡು, ಅದಕ್ಕೆ 'ಪ್ರಕೃತಿ' ಅಂತ ಹೆಸರಿಟ್ಟಿದ್ದೇವೆ.

ಈ ಚಾಳಿ ನಮ್ಮದೊಬ್ಬರದೇ ಅಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಥಾಮಸ್ ಗೇನ್ಸ್‌ಬರೋ 1750ರ ಸುಮಾರಿಗೆ ಬರೆದ ಆಂಡ್ರ್ಯೂಸ್ ದಂಪತಿಗಳ ಚಿತ್ರವಿದೆ. ನೆಟ್ಟಿನಲ್ಲಿ ಹುಡುಕಿ ನೋಡಿ. ಎಡಗಡೆ ಮರದ ಕೆಳಗೆ ಯಜಮಾನ ಬಂದೂಕು ಹಿಡಿದು ನಿಂತಿದ್ದಾನೆ, ಯಜಮಾನ್ತಿ ನೀಲಿ ರೇಷ್ಮೆ ಉಟ್ಟು ಕೂತಿದ್ದಾಳೆ. ಬಲಗಡೆಯೆಲ್ಲ ಅವರ ಜಮೀನು. ಕೊಯ್ದ ಗೋಧಿಯ ಸಿವುಡು ಕಟ್ಟಿ ನಿಲ್ಲಿಸಿದ್ದಾರೆ, ಸಾಲುಗಳು ಗೆರೆ ಎಳೆದ ಹಾಗಿವೆ. ಕೊಯ್ದವರು? ಒಬ್ಬರೂ ಇಲ್ಲ. ಊಟಕ್ಕೆ ಹೋಗಿರಬೇಕು. 270 ವರ್ಷದಿಂದ ಊಟಕ್ಕೇ ಹೋಗಿದ್ದಾರೆ. ಜಾನ್ ಬ್ಯಾರೆಲ್ ಎಂಬ ವಿದ್ವಾಂಸರು ಇಂಗ್ಲೆಂಡಿನ ಇಂಥ ಚಿತ್ರಗಳಲ್ಲಿ ಬಡವರನ್ನು ಎಲ್ಲಿ, ಹೇಗೆ ಇಟ್ಟಿದ್ದಾರೆ ಅನ್ನೋದರ ಮೇಲೆಯೇ 1980ರಲ್ಲಿ ಒಂದು ಪುಸ್ತಕ ಬರೆದರು. ಬಡವರು ಚಿತ್ರದೊಳಗೆ ಬರಬೇಕಾದರೆ ದುಡಿಮೆಗಾರರಾಗಿ, ತೃಪ್ತರಾಗಿ ಕಾಣಬೇಕು, ಇಲ್ಲಾ ನೆರಳಿನಲ್ಲಿ ಸಣ್ಣಗೆ ಇರಬೇಕು. ಬೆನ್ನು ಹಾಕಿ ನಡೆಯುವ ನಮ್ಮ ಬಿಂದಿಗೆಯ ಹೆಂಗಸು ಯಾವ ಮನೆತನದವಳು ಅಂತ ಗೊತ್ತಾಯ್ತಲ್ಲ?

ನಮ್ಮ ಬೆಟ್ಟಗಳು 'ಸೀನರಿ' ಆದ ಕತೆಯೂ ಅಲ್ಲಿಗೇ ಸೇರುತ್ತೆ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನಿಂದ ನಂದಿದುರ್ಗವನ್ನು ಕಿತ್ತುಕೊಂಡಿತು. ಮೈಸೂರಿನ ಆ ಯುದ್ಧದಲ್ಲಿ ಸೇನೆಯ ಹಿಂದೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಸ್ಕೆಚ್ ಪುಸ್ತಕ ಹಿಡಿದು ತಿರುಗುತ್ತಿದ್ದ. 1794ರಲ್ಲಿ ಅವನ 'ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್' ಲಂಡನ್ನಿನಲ್ಲಿ ಅಚ್ಚಾಯಿತು. ಆ ಕಾಲದ ಇಂಥ ಪುಸ್ತಕಗಳ ಪಾಕವಿಧಾನ ಹೆಚ್ಚೂಕಡಿಮೆ ಒಂದೇ: ಹಿಂದೆ ಕೋಟೆ ಬೆಟ್ಟ, ಪಕ್ಕದಲ್ಲಿ ಮರ, ಮುಂದೆ ಅಳತೆ ತೋರಿಸೋಕೆ ಎರಡು ಮೂರು ಸಣ್ಣ ಮನುಷ್ಯರು. ಆ ಸಣ್ಣ ಮನುಷ್ಯರಿಗೆ ಕಲೆಯ ಭಾಷೆಯಲ್ಲಿ 'ಸ್ಟಾಫೇಜ್' ಅಂತ ಒಂದು ಹೆಸರೇ ಇದೆ. ಸ್ಟಾಫ್ ಅಲ್ಲ, ಸ್ಟಾಫೇಜ್. ಸಂಬಳ ಇಲ್ಲ.

ಒಂದು ತಮಾಷೆ ನೋಡಿ. ಇದಾದ ಆರೇಳು ವರ್ಷಕ್ಕೆ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಇದೇ ಸೀಮೆಯಲ್ಲಿ ಓಡಾಡಿದ. ಚಿಕ್ಕಬಳ್ಳಾಪುರಕ್ಕೂ ಬಂದಿದ್ದ. ಅವನು ಕಂಪನಿಯ ಮನುಷ್ಯ, ಜನೋದ್ಧಾರಕ್ಕೆ ಬಂದವನಲ್ಲ. ಈ ದೇಶದಿಂದ ಎಷ್ಟು ಹಿಂಡಬಹುದು ಅಂತ ಲೆಕ್ಕ ಹಾಕೋಕೆ ಬಂದವನು. ಆದರೂ 1807ರಲ್ಲಿ ಬಂದ ಅವನ ಪುಸ್ತಕದಲ್ಲಿ ನೇಗಿಲಿದೆ, ಬಿತ್ತನೆಯಿದೆ, ಆಳಿಗೆ ಏನು ಕೊಡ್ತಾರೆ ಅನ್ನೋದಿದೆ. ಕಂದಾಯ ಎತ್ತುವವನಿಗೆ ದುಡಿಯುವವನು ಕಾಣಲೇಬೇಕು. ಕಾಣದೆ ಇದ್ದರೂ ನಡೆಯೋದು ಗೋಡೆಗೆ ಚಿತ್ರ ಕೊಳ್ಳುವವನಿಗೆ ಮಾತ್ರ.

ಇನ್ನು ಈಸಲ್ ಎಲ್ಲಿ ನಿಲ್ಲುತ್ತೆ ಅನ್ನೋದು. ಈ ಜಿಲ್ಲೆಯ ಯಾವ ಹಳ್ಳಿಗಾದರೂ ಹೋಗಿ, ಊರು ಬೇರೆ, ಕಾಲೋನಿ ಬೇರೆ. ಮೊದಲು ಕೇರಿ ಅಂತಿದ್ದರು, ಈಗ ಎ.ಕೆ. ಕಾಲೋನಿ ಅಂತಾರೆ. ಹೆಸರು ಬದಲಾಯಿತು, ದಿಕ್ಕು ಬದಲಾಗಲಿಲ್ಲ. ಹಳ್ಳಿಯ ಚಿತ್ರ ಬರೆಯುವವರು ಈಸಲ್ಲನ್ನ ಗುಡಿಯ ಮುಂದೆ ಇಡ್ತಾರೆ, ಕೆರೆ ಏರಿ ಮೇಲೆ ಇಡ್ತಾರೆ, ಬೆಟ್ಟದ ಮೇಲೆ ಇಡ್ತಾರೆ. ಕಾಲೋನಿಯ ಬೋರಿನ ಪಕ್ಕ ನಿಂತು ಅಲ್ಲಿಂದ ಊರು ಹೇಗೆ ಕಾಣುತ್ತೆ ಅಂತ ಬರೆದ ಒಂದು ಚಿತ್ರ ನಾನು ಸಂತೆಯಲ್ಲಿ ಇವತ್ತಿನವರೆಗೂ ನೋಡಿಲ್ಲ.

ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯೂ ಚಿತ್ರ ಬರೆಯೋಕೆ ಹೇಳಿಮಾಡಿಸಿದ ಸೀಮೆಯದ್ದೇ. ಬಂಡೆ, ಹುಣಸೇಮರ, ಕಡಲೆಕಾಯಿ ಹೊಲ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸುಟ್ಟವರು ಯಾರು ಅಂತ ಕಾನೂನಿನ ಪ್ರಕಾರ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸಾಕ್ಷಿ ಹೇಳಬೇಕಾದವರು ಮಾರನೇ ದಿನ ಯಾರ ಹೊಲಕ್ಕೆ ಕೂಲಿಗೆ ಹೋಗಬೇಕಿತ್ತು ಅಂತ ಒಂದು ಸಲ ಯೋಚಿಸಿ. "ಹಳ್ಳಿ ಜನ ಎಷ್ಟು ಒಗ್ಗಟ್ಟು ಅಲ್ವಾ" ಅಂತ ಚಿತ್ರದ ಮುಂದೆ ನಿಂತು ಯಾರಾದರೂ ಅಂದಾಗ ನನಗೆ ಈ ಊರಿನ ಹೆಸರು ಬಾಯಿಗೆ ಬರುತ್ತೆ. ಸಾಮಾನ್ಯವಾಗಿ ನುಂಗಿಕೊಳ್ತೀನಿ.

ಶಿಡ್ಲಘಟ್ಟದ ರೇಷ್ಮೆಗೆ ಬರ್ತೀನಿ, ಅದು ನನಗೆ ಚೆನ್ನಾಗಿ ಗೊತ್ತಿರೋದು. ಹೈವೇಯಿಂದ ನೋಡಿದರೆ ಹಿಪ್ಪುನೇರಳೆ ತೋಟ ಕಣ್ಣಿಗೆ ತಂಪು. ಫೋಟೋ ಹೊಡೆಯೋಕೆ ಜನ ಕಾರು ನಿಲ್ಲಿಸ್ತಾರೆ. ಆ ತೋಟದ ಹಿಂದೆ ಹುಳುಮನೆ ಇದೆ. ರೇಷ್ಮೆಹುಳು ಗೂಡು ಕಟ್ಟೋ ಮೊದಲು ನಾಲ್ಕು ಸಲ ಪೊರೆ ಬಿಡುತ್ತೆ. ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ. ಹುಳು ಜ್ವರಕ್ಕೆ ಕೂತಿದೆ ಅಂದರೆ ಮನೆಯವರಿಗೆ ಒಂದಿಷ್ಟು ಉಸಿರು. ನಾಲ್ಕನೇ ಜ್ವರ ಎದ್ದಿತೋ, ಮುಂದಿನ ಒಂದು ವಾರ ಯಾರಿಗೂ ನಿದ್ದೆ ಇಲ್ಲ. ಹುಳು ತನ್ನ ಇಡೀ ಜೀವಮಾನದಲ್ಲಿ ತಿನ್ನೋ ಸೊಪ್ಪಿನ ಮುಕ್ಕಾಲಿಗಿಂತ ಹೆಚ್ಚು ತಿನ್ನೋದು ಆ ಒಂದು ವಾರದಲ್ಲಿ. ಬೆಳಗಿನ ಜಾವ ಕೊಯ್ಯಬೇಕು, ಬಿಸಿಲೇರಿದರೆ ಸೊಪ್ಪು ಬಾಡುತ್ತೆ. ಹೊರೆ ಹೊತ್ತು ತರಬೇಕು, ಹಾಕಬೇಕು, ಕಸ ತೆಗೆಯಬೇಕು, ಮತ್ತೆ ಹಾಕಬೇಕು, ರಾತ್ರಿಯೂ ಹಾಕಬೇಕು. ಹುಳು ಸೊಪ್ಪು ತಿನ್ನೋ ಸದ್ದು ತಗಡಿನ ಮೇಲೆ ಸಣ್ಣ ಮಳೆ ಬಿದ್ದ ಹಾಗಿರುತ್ತೆ. ನಾನು ಚಿಕ್ಕವನಿದ್ದಾಗ ಅವ್ವನ ಜೊತೆ ಯಜಮಾನರ ಹುಳುಮನೆಯ ಮೂಲೆಯಲ್ಲಿ ಮಲಗಿ ಅದನ್ನ ಕೇಳಿದ್ದೀನಿ. ಹುಳು ಹಣ್ಣಾದ ಮೇಲೆ ಒಂದೊಂದನ್ನೇ ಆರಿಸಿ ಚಂದ್ರಂಕಿಗೆ ಬಿಡೋ ದಿನ ಕೇರಿಯ ಹೆಂಗಸರೆಲ್ಲ ಅಲ್ಲೇ. ಕೂಲಿ ಕೊಡ್ತಿದ್ದರು, ಸುಳ್ಳು ಹೇಳಬಾರದು. ಗಂಡಾಳಿಗೆ ಒಂದು ಲೆಕ್ಕ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಜೀತ ನಿಷೇಧದ ಕಾಯ್ದೆ ಬಂದದ್ದೂ ಅದೇ ವರ್ಷ. ಅವ್ವನಿಗೆ ಎರಡರ ವಿಷಯವೂ ಯಾರೂ ಹೇಳಿರಲಿಲ್ಲ.

ಗೂಡು ಮಾರ್ಕೆಟ್ಟಿಗೆ ಹೋಗುತ್ತೆ. ಹರಾಜಾಗುತ್ತೆ. ಅಲ್ಲಿಂದ ನೂಲು ಬಿಚ್ಚುವ ಘಟಕಗಳಿಗೆ. ಶಿಡ್ಲಘಟ್ಟದ ಆ ಗಲ್ಲಿಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಹಳ್ಳಿ ಚಿತ್ರದಲ್ಲಿ ಒಬ್ಬ ಮುಸ್ಲಿಮನನ್ನ ನೀವು ಯಾವತ್ತಾದರೂ ನೋಡಿದ್ದೀರಾ? ಇರಲಿ. ಕುದಿಯೋ ನೀರಲ್ಲಿ ಗೂಡು ಬೇಯಿಸಿ, ಬಿಸಿನೀರಿನ ತೊಟ್ಟಿಗೆ ಹಾಕಿ, ಬೆರಳಲ್ಲಿ ಎಳೆಯ ತುದಿ ಹುಡುಕಿ ಹಿಡಿಯಬೇಕು. ದಿನವಿಡೀ ಬೆರಳು ಬಿಸಿನೀರಲ್ಲಿ. ಚರ್ಮ ಬೆಳ್ಳಗೆ ಮುದುಡಿ, ಉಗುರಿನ ಸುತ್ತ ಒಡೆದಿರುತ್ತೆ. ಬೆಂದ ಹುಳದ ವಾಸನೆ ಬಟ್ಟೆಗೆ ಹತ್ತಿದ್ದು ಹೋಗಲ್ಲ. ಮಿಶ್ರತಳಿ ಗೂಡಾದರೆ ಒಂದು ಕೆಜಿ ನೂಲಿಗೆ 7ರಿಂದ 8 ಕೆಜಿ ಗೂಡು ಬೇಕು. ನಿಮ್ಮ ಮದುವೆಯ ಸೀರೆ ಹೀಗೆ ಶುರುವಾಗಿದ್ದು. ಸೀರೆ ಉಡಬೇಡಿ ಅಂತ ನಾನು ಹೇಳ್ತಿಲ್ಲ. ನಾನೂ ಮದುವೆಯಲ್ಲಿ ರೇಷ್ಮೆ ಪಂಚೆ ಉಟ್ಟವನೇ. ಈ ಕೈಗಳನ್ನ ಯಾಕೆ ಯಾರೂ ಬರೆಯಲ್ಲ ಅಂತಷ್ಟೇ ಕೇಳ್ತಿದ್ದೀನಿ.

ಬರೆದವರಿದ್ದಾರೆ, ಬೇರೆ ಕಡೆ. ವ್ಯಾನ್ ಗೋ 1885ರಲ್ಲಿ ಆಲೂಗೆಡ್ಡೆ ತಿನ್ನುವವರನ್ನ ಬರೆದಾಗ ಬೇಕೆಂದೇ ಒರಟು ಗಂಟು ಕೈಗಳನ್ನ ಬರೆದ. ಆ ಕೈಗಳೇ ಆ ಗೆಡ್ಡೆಯನ್ನ ಅಗೆದವು ಅಂತ ನೋಡಿದವರಿಗೆ ತಿಳಿಯಬೇಕಿತ್ತು. ಅದಕ್ಕೂ ಮೊದಲು, 1857ರಲ್ಲಿ, ಫ್ರಾನ್ಸಿನ ಮಿಲೆ ಹಕ್ಕಲು ಆಯುವ ಮೂವರು ಹೆಂಗಸರನ್ನ ಬರೆದ. ಕೊಯ್ಲಾದ ಮೇಲೆ ಉದುರಿದ ತೆನೆ ಆಯ್ದುಕೊಳ್ಳೋದು. ಚಿಂತಾಮಣಿ ಕಡೆ ಕಡಲೆಕಾಯಿ ಕಿತ್ತ ಹೊಲದಲ್ಲಿ ನಮ್ಮವರು ಮಾಡೋದೂ ಅದನ್ನೇ. ನಾನೂ ಆಯ್ದಿದ್ದೀನಿ. ಆ ಚಿತ್ರದಲ್ಲಿ ದೂರದಲ್ಲಿ ಬಣವೆಗಳ ರಾಶಿ ಇದೆ, ಇನ್ನೂ ದೂರದಲ್ಲಿ ಕುದುರೆ ಮೇಲೊಬ್ಬ ಮೇಸ್ತ್ರಿ ಇದ್ದಾನೆ. ಯಾರ ಪಾಲು ಎಷ್ಟು ಅನ್ನೋದು ಅಷ್ಟರಲ್ಲೇ ಗೊತ್ತಾಗುತ್ತೆ. ಪ್ಯಾರಿಸ್ಸಿನ ದೊಡ್ಡವರಿಗೆ ಅದು ಹಿಡಿಸಲಿಲ್ಲ. ಹಿಡಿಸೋಕಲ್ಲ ಅವನು ಬರೆದದ್ದು.

ಹಾಗಂತ ಸಂತೆಯಲ್ಲಿ ಬಿಸಿಲಿಗೆ ಕೂತ ಕಲಾವಿದನ ಮೇಲೆ ನನಗೆ ಸಿಟ್ಟಿಲ್ಲ. ಕೆ. ವೆಂಕಟಪ್ಪನವರ ಊಟಿಯ ಮೋಡಗಳ ಮೇಲೂ ಇಲ್ಲ. ಅವು ನಿಜಕ್ಕೂ ಮೋಡಗಳ ಚಿತ್ರ, ಹಳ್ಳಿ ಬದುಕು ಅಂತ ಹೇಳಿ ಮಾರಿದ್ದಲ್ಲ. ಒಂದು ಸಲ ಸಂತೆಯಲ್ಲಿ ಒಬ್ಬರನ್ನ ಕೇಳಿದೆ, "ಸಾರ್, ಗದ್ದೆಯಲ್ಲಿ ಕೆಲಸ ಮಾಡೋರನ್ನ ಹಾಕಲ್ವಾ?" ಅವರು ನಕ್ಕು, "ಹಾಕ್ತಿದ್ದೆ ಸಾರ್. ವಾಪಸ್ ಮನೆಗೇ ಬರ್ತಿದ್ದವು" ಅಂದರು. ಅವರೂ ಕೂಲಿಯವರೇ. ನಾವು ಕೇಳಿದ್ದನ್ನ ಬರೆದು ಕೊಡ್ತಾರೆ. ಆರ್ಡರ್ ಕೊಡ್ತಿರೋದು ನಾವು.

2020ರ ಚಿತ್ರಸಂತೆಯನ್ನ ರೈತರಿಗೆ ಅರ್ಪಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಈ 'ರೈತ' ಅನ್ನೋ ಮಾತೇ ಒಂದು ಲ್ಯಾಂಡ್‌ಸ್ಕೇಪ್ ಚಿತ್ರ. ಪಹಣಿಯಲ್ಲಿ ಹೆಸರಿರೋನು ರೈತ. ನಾಟಿ ಹಾಕಿದವಳು, ಸೊಪ್ಪು ಕೊಯ್ದವಳು, ದ್ರಾಕ್ಷಿ ತೋಟದಲ್ಲಿ ಮೂಗಿಗೆ ಟವೆಲು ಸುತ್ತಿ ಔಷಧಿ ಹೊಡೆದವನು ಯಾರು? 'ಅನ್ನದಾತ' ಅಂತ ಕರೆದು ಕೈಮುಗಿಯೋಕೆ ಒಂದು ಪೈಸೆ ಖರ್ಚಿಲ್ಲ. ಪಹಣಿ ಇರೋ ರೈತನಿಗೂ ಸಾಲ ಇದೆ, ಬತ್ತಿದ ಬೋರ್‌ವೆಲ್ ಇದೆ, ಅದನ್ನ ನಾನು ಅಲ್ಲಗಳೆಯಲ್ಲ. ಆದರೆ ಬೋರ್‌ವೆಲ್ ಬತ್ತಿದರೆ ಅವನಿಗೆ ಪರಿಹಾರದ ಅರ್ಜಿ ಹಾಕೋಕೆ ಸರ್ವೆ ನಂಬರ್ ಆದರೂ ಇದೆ.

ಅವನು ಚೌಕಟ್ಟು ಬಿಟ್ಟು ಹೊರಗೆ ಬಂದರೆ ನಾವು ಏನು ಮಾಡ್ತೀವಿ ಅನ್ನೋದಕ್ಕೂ ಒಂದು ಉದಾಹರಣೆ ಇದೆ. 2016ರ ಮಾರ್ಚಿನಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ರೈತರು ಶಾಶ್ವತ ನೀರಾವರಿ ಕೇಳಿಕೊಂಡು ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟರು. ಏರ್‌ಪೋರ್ಟ್ ರಸ್ತೆ ಜಾಮಾಯಿತು, ಪೊಲೀಸರು ತಡೆದರು, ಲಾಠಿಯೂ ಬೀಸಿತು. ಆವತ್ತು ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಇದ್ದ ಚಿಂತೆ ಫ್ಲೈಟ್ ಮಿಸ್ ಆಗುತ್ತಾ ಅನ್ನೋದೊಂದೇ. ಗೋಡೆ ಮೇಲೆ ಎತ್ತಿನ ಗಾಡಿ ಇರಬೇಕು, ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರ್ಯಾಕ್ಟರ್ ಇರಬಾರದು.

ನೀರು ಬಂತಾ? ಬಂತು. ಹೆಬ್ಬಾಳ-ನಾಗವಾರ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಪಂಪ್ ಮಾಡ್ತಾರೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದೆ. ಬೆಳಗ್ಗೆ ಅದರ ಮೇಲೆ ಮಂಜು ಕೂತರೆ ಸ್ವರ್ಗ, ಡ್ರೋನಿನಲ್ಲಿ ಇನ್ನೂ ಚೆಂದ. ನಿಮ್ಮ ಅಪಾರ್ಟ್‌ಮೆಂಟಿನ ಫ್ಲಶ್ಶಿನ ನೀರಿಗೆ ನೀವೇ ಲೈಕ್ ಒತ್ತುತ್ತಿರಬಹುದು. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಅಂತ ಜಿಲ್ಲೆಯವರು ವರ್ಷಗಳಿಂದ ಕೇಳ್ತಾನೇ ಇದ್ದಾರೆ. ಬಂಡೆಗಳ ಕತೆಯೂ ಇಂಥದ್ದೇ. ಒಂದು ಮುಖ ಟ್ರೆಕ್ಕಿಂಗಿಗೆ, ಇನ್ನೊಂದು ಮುಖ ಕ್ವಾರಿಗೆ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತರು. ನಮ್ಮ ಮನೆಗಳ ಕಾಂಕ್ರೀಟಿಗೆ ಜಲ್ಲಿ ಎಲ್ಲಿಂದ ಬರುತ್ತೆ ಅಂದುಕೊಂಡಿದ್ದೀರಿ?

ಈಗ ಇದೆಲ್ಲ ಯಾಕೆ ಅವಸರದ ಮಾತು ಅಂದರೆ, ಚಿತ್ರ ಗೋಡೆಯಿಂದ ಇಳಿದಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನ ತೆಗೆದುಹಾಕಿದರು. ರೈತರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಅಲ್ಲಿಂದ ಈಚೆಗೆ ಆಫೀಸಿನ ಕ್ಯಾಂಟೀನಿನಲ್ಲಿ ಷೇರಿನ ಮಾತಿಗಿಂತ ಫಾರ್ಮ್ ಪ್ಲಾಟಿನ ಮಾತೇ ಜಾಸ್ತಿ. ಕಾಲು ಎಕರೆ, ಸುತ್ತ ಬೇಲಿ, ಮಾವು, ಸೀಬೆ, ನಡುವೆ ಒಂದು ಕಾಟೇಜು. ಬ್ರೋಷರ್ ತೆರೆದರೆ ಅದೇ ಚಿತ್ರಸಂತೆಯ ಚಿತ್ರ, ಈ ಸಲ ಕಂಪ್ಯೂಟರಿನಲ್ಲಿ ಮಾಡಿದ್ದು. ಕೆಮ್ಮಣ್ಣಿನ ದಾರಿ, ನೀಲಿ ಬೆಟ್ಟ, ಕಳೆ ಇಲ್ಲದ ಹಸಿರು. ಬಿಂದಿಗೆಯ ಹೆಂಗಸನ್ನ ಮಾತ್ರ ತೆಗೆದು ಸೈಕಲ್ ತುಳಿಯೋ ಮಗುವನ್ನ ಹಾಕಿದ್ದಾರೆ. ಆ ಹೆಂಗಸು ಗೌರಿಬಿದನೂರಿನಿಂದ ಬೆಳಗಿನ ರೈಲು ಹತ್ತಿ ಹೋದಳು. ಇಲ್ಲಾ ಗಾರ್ಮೆಂಟ್ಸಿನ ವ್ಯಾನು ಹತ್ತಿದಳು, ನಿಮ್ಮ ಟ್ರೆಕ್ಕಿಂಗಿನ ಪ್ಯಾಂಟು ಹೊಲಿಯೋಕೆ.

ನನ್ನ ಟೀಮಿನ ಗೆಳೆಯನೊಬ್ಬ ಗೌರಿಬಿದನೂರು ಕಡೆ ಇಂಥದ್ದೊಂದು ಪ್ಲಾಟಿಗೆ ಮುಂಗಡ ಕೊಡೋಕೆ ಹೊರಟಿದ್ದ. ನೀನು ಆ ಕಡೆಯವನಲ್ವಾ, ಸ್ವಲ್ಪ ನೋಡು ಅಂತ ಪೇಪರ್ಸ್ ತೋರಿಸಿದ. ಹುಡುಗ ಒಳ್ಳೆಯವನು, ಭೂಮಿಯ ಮೇಲೆ ನಿಜವಾಗಲೂ ಆಸೆ ಇಟ್ಟುಕೊಂಡವನು. 'ಮೇಂಟೆನೆನ್ಸ್' ಅಂತ ತಿಂಗಳಿಗಿಷ್ಟು ಹಾಕಿದ್ದರು. ಉಳುಮೆ, ನೀರು, ಕಳೆ, ಗೊಬ್ಬರ, ಕಾವಲು ಎಲ್ಲ ಅದರೊಳಗೇ. ಕೂಲಿ ಅನ್ನೋ ಪದ ಹತ್ತೊಂಬತ್ತು ಪುಟದಲ್ಲಿ ಎಲ್ಲೂ ಇರಲಿಲ್ಲ. ಜಾಗ ನೋಡೋಕೆ ಹೋದಾಗ ಗೇಟು ತೆಗೆದ ವಾಚ್‌ಮನ್, ಆ ಜಮೀನಿನ ಹಿಂದಿನ ಯಜಮಾನನ ಅಣ್ಣನ ಮಗನಂತೆ. ಲೇಔಟ್ ಪ್ಲಾನಿನಲ್ಲಿ ಕ್ಲಬ್ ಹೌಸ್, ಈಜುಕೊಳ, ಸೂರ್ಯಾಸ್ತ ನೋಡೋಕೆ ಒಂದು ಮರದ ಡೆಕ್ ಎಲ್ಲ ಗುರುತು ಹಾಕಿದ್ದರು. ಕೆಲಸದವರ ಶೆಡ್ಡು, ಅವರ ಟಾಯ್ಲೆಟ್ಟು ಎಲ್ಲಿ ಬರುತ್ತೆ ಅಂತ ಕೇಳು ಅಂದೆ. ಅವನು ಅಲ್ಲೇ ನಿಂತು ಸೇಲ್ಸ್‌ನವರಿಗೆ ಫೋನ್ ಮಾಡಿದ. "ಅದು ನಿಮ್ಮ ವ್ಯೂಗೆ ಬರಲ್ಲ ಸಾರ್, ಟೆನ್ಷನ್ ಬೇಡ" ಅಂದರು.